ಮಾಲ್ ಮುಚ್ಚಿತು ಅಂತ ಅಳೋರೇ, ನೆಲ ಒರೆಸಿದವರ ಸಂಬಳ ಎಲ್ಲಿ?

ಒಂದು ವಾರದಿಂದ ನನ್ನ ಟೈಮ್‌ಲೈನ್ ತುಂಬ ಅದೇ ಫೋಟೋಗಳು. ನಮ್ಮ ಕೇರಿ ಪಕ್ಕದ ಮಾಲ್. ನಿಂತುಹೋದ ಎಸ್ಕಲೇಟರ್, ಲೈಟ್ ಆರಿದ ಫುಡ್ ಕೋರ್ಟ್, ಶಟರ್ ಎಳೆದ ಅಂಗಡಿಗಳ ಸಾಲು. ಮೇಲೊಂದು ಬರಹ: ‘ಕಾಲೇಜ್ ದಿನಗಳ ನೆನಪು’, ‘ನಾವಿಬ್ಬರೂ ಮೊದಲು ಸಿನಿಮಾ ನೋಡಿದ್ದು ಇಲ್ಲೇ’, ‘ಒಂದು ಕಾಲ ಮುಗೀತು’. ಜೊತೆಗೆ ಅಳುವ ಇಮೋಜಿ.

ಇನ್ನೊಂದು ಕಡೆ ನಮ್ಮದೇ ಬಳಗದ ಸಂಗಾತಿಗಳು. ‘ಬಂಡವಾಳಶಾಹಿಯ ಗುಡಿ ಬಿತ್ತು’, ‘ಮಾಲ್ ಹೋಗಲಿ, ಸಂತೆ ಬರಲಿ’. ಜೊತೆಗೆ ಎತ್ತಿದ ಮುಷ್ಟಿ.

ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ. ಆ ಫೋಟೋಗಳಲ್ಲಿ ನೆಲ ಇನ್ನೂ ಹೊಳೀತಾ ಇದೆ, ನೋಡಿದ್ರಾ? ಅದನ್ನ ಒರೆಸಿದವರು ಯಾರು? ಅವರಿಗೆ ಸಂಬಳ ಬಂತಾ?

ಬಂದಿಲ್ಲ. 41 ಜನಕ್ಕೆ ಮೂರು ತಿಂಗಳ ಸಂಬಳ ಬಂದಿಲ್ಲ. ಅವರಲ್ಲಿ ಒಬ್ಬರು ನನ್ನ ಚಿಕ್ಕಮ್ಮ. ಮಾಲ್ ಹೆಸರು ಬರೆಯಲ್ಲ. ಬರೆದರೆ ನಾಳೆ ಲಾಯರ್ ನೋಟಿಸು, ನಾಡಿದ್ದು ಈ ಪೋಸ್ಟೇ ಮಾಯ. ಗೊತ್ತಿರೋರಿಗೆ ಗೊತ್ತು.

ಚಿಕ್ಕಮ್ಮ ಒಂಬತ್ತು ವರ್ಷ ಅಲ್ಲಿ ಹೌಸ್‌ಕೀಪಿಂಗ್ ಮಾಡಿದ್ರು. ಬೆಳಿಗ್ಗೆ ಆರಕ್ಕೆ ಹಿಂದಿನ ಗೇಟಿನಿಂದ ಒಳಗೆ. ಓಡಾಡೋದು ಸರ್ವಿಸ್ ಲಿಫ್ಟಲ್ಲಿ. ಊಟ ಬೇಸ್‌ಮೆಂಟಲ್ಲಿ, ಜನರೇಟರ್ ಪಕ್ಕ, ರಟ್ಟು ಹಾಸ್ಕೊಂಡು. ಒಂದಿನ ಅವರನ್ನ ಕೇಳಿದೆ, ‘ಚಿಕ್ಕಮ್ಮ, ಎಸ್ಕಲೇಟರ್ ನಿಂತೋಯ್ತಂತಲ್ಲ?’ ನಕ್ಕರು. ‘ನಡೀತಿದ್ದಾಗ್ಲೂ ನಾನು ಹತ್ತಿರಲಿಲ್ಲ ಕಣೋ ಮಗಾ. ಅದರ ಹಿಡಿ ಒರೆಸ್ತಿದ್ದೆ ಅಷ್ಟೆ.’

ಕೆಲಸಕ್ಕೆ ಸೇರುವಾಗ ಸೂಪರ್‌ವೈಸರ್ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಏರಿಯಾ?’ ಏರಿಯಾ ಹೇಳಿದರೆ ಸಾಕು, ಜಾತಿ ಗೊತ್ತಾಗುತ್ತೆ. ನಮ್ಮ ಕೇರಿ ಹೆಂಗಸರಿಗೆ ಟಾಯ್ಲೆಟ್. ಫುಡ್ ಕೋರ್ಟಿನ ಟೇಬಲ್ ಒರೆಸೋಕೆ ಬೇರೆಯವರು. ಎಲ್ಲೂ ಬರೆದಿಟ್ಟ ನಿಯಮ ಇಲ್ಲ. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಈಗ ಮಾಲ್ ಹೇಗೆ ಮುಳುಗಿತು ಅಂತ ಹೇಳ್ತೀನಿ. ಆನ್‌ಲೈನ್ ಶಾಪಿಂಗ್ ಬಂತು, ಜನ ಬರೋದು ಬಿಟ್ಟರು ಅಂತ ಎಲ್ಲರೂ ಹೇಳೋದು. ಅರ್ಧ ನಿಜ. ಜನ ಮಾಲಿಗೆ ಹೋಗೋದನ್ನ ಬಿಟ್ಟಿಲ್ಲ, ಇನ್ನೂ ದೊಡ್ಡ ಮಾಲಿಗೆ ಹೋಗ್ತಿದ್ದಾರೆ. 2021ರಲ್ಲಿ ರಾಜಾಜಿನಗರದಲ್ಲಿ ಲುಲು ಬಂತು. 2023ರಲ್ಲಿ ಬ್ಯಾಟರಾಯನಪುರದಲ್ಲಿ ಮಾಲ್ ಆಫ್ ಏಷ್ಯಾ ಬಂತು. ದೊಡ್ಡದು ತೆರೆದಾಗ ಚಿಕ್ಕದರ ದೊಡ್ಡ ಅಂಗಡಿ ಮೊದಲು ಖಾಲಿ ಮಾಡುತ್ತೆ. ಅದು ಹೋದರೆ ಅದರ ನೆರಳಲ್ಲಿದ್ದ ಸಣ್ಣ ಅಂಗಡಿಗಳು ಹೋಗ್ತವೆ. ಬಾಡಿಗೆ ಬರಲ್ಲ, ಮೇಂಟೆನೆನ್ಸ್ ದುಡ್ಡು ಬರಲ್ಲ. ಆಮೇಲೆ ಎಸಿ ಅರ್ಧ ದಿನ. ಆಮೇಲೆ ಸಿನಿಮಾ ಸ್ಕ್ರೀನ್ ಬಂದ್.

ಆದರೆ ಎಸಿ ಆರಿಸೋದಕ್ಕಿಂತ ಎಷ್ಟೋ ಮೊದಲು ಆ ಮ್ಯಾನೇಜ್‌ಮೆಂಟ್ ಒಂದು ಕೆಲಸ ಮಾಡಿತ್ತು. ಮೂರು ಶಿಫ್ಟನ್ನ ಎರಡು ಮಾಡಿತ್ತು. ಟಾಯ್ಲೆಟ್ ಅಷ್ಟೇ, ಒರೆಸೋ ಕೈ ಅರ್ಧ. ಎರಡು ಮಹಡಿ ನೋಡ್ತಿದ್ದ ಚಿಕ್ಕಮ್ಮ ನಾಲ್ಕು ಮಹಡಿ ನೋಡೋಕೆ ಶುರು ಮಾಡಿದ್ರು, ಅದೇ ಸಂಬಳಕ್ಕೆ. ಮಾಲ್ ಎರಡು ವರ್ಷ ಜಾಸ್ತಿ ಬದುಕಿದ್ದು ಈ ಹೆಂಗಸರ ಸೊಂಟದ ಮೇಲೆ. ನೀವು ‘ಇನ್ನೂ ಎಷ್ಟು ಕ್ಲೀನಾಗಿ ಇಟ್ಕೊಂಡಿದ್ದಾರೆ’ ಅಂತ ಮೆಚ್ಚಿದ್ರಲ್ಲ, ಆ ಎರಡು ವರ್ಷ.

ಕೊನೆಗೆ ಒಂದು ರಾತ್ರಿ ವಾಟ್ಸಾಪಲ್ಲಿ ಒಂದು ಸಾಲು: ‘ನಾಳೆಯಿಂದ ಬರೋದು ಬೇಡ.’ ಕಳಿಸಿದ್ದು ಸೂಪರ್‌ವೈಸರ್. ಅವನಿಗೂ ಸಂಬಳ ಬಂದಿಲ್ಲ.

ನೈಟ್ ಫ್ರಾಂಕ್ ಅಂತ ಒಂದು ರಿಯಲ್ ಎಸ್ಟೇಟ್ ಸಲಹಾ ಸಂಸ್ಥೆ ಇದೆ. ಅದರ 2024ರ ವರದಿ ಪ್ರಕಾರ 2023ರಲ್ಲಿ ದೇಶದ ಎಂಟು ದೊಡ್ಡ ನಗರಗಳಲ್ಲಿ 64 ಮಾಲ್‌ಗಳು ‘ಘೋಸ್ಟ್’ ಆಗಿದ್ದವು. ಅಂದ್ರೆ ನೂರರಲ್ಲಿ 40ಕ್ಕಿಂತ ಹೆಚ್ಚು ಪಾಲು ಖಾಲಿ. ಒಟ್ಟು 1.33 ಕೋಟಿ ಚದರಡಿ. ನಷ್ಟ 6,700 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿದ್ದಾರೆ. ಪತ್ರಿಕೆಗಳು ಅದನ್ನ ದೊಡ್ಡದಾಗಿ ಬರೆದವು. ಯಾರ ನಷ್ಟ? ಚದರಡಿಯ ನಷ್ಟ. ಆ ಚದರಡಿಯನ್ನ ದಿನಕ್ಕೆ ನಾಲ್ಕು ಸಲ ಒರೆಸಿದವರ ನಷ್ಟ ಯಾವ ಕಾಲಮ್ಮಲ್ಲಿ ಬರುತ್ತೆ? ದೆವ್ವ ಅಂತ ಕಟ್ಟಡಕ್ಕೆ ಹೆಸರಿಟ್ಟರು. ಬದುಕಿದ್ದಾಗಲೇ ಯಾರ ಕಣ್ಣಿಗೂ ಕಾಣದೆ ಓಡಾಡಿದ್ದು ನಮ್ಮ ಹೆಂಗಸರು.

ಈಗ ‘ಸಂತೆ ಬರಲಿ’ ಅನ್ನೋ ಸಂಗಾತಿಗಳಿಗೆ. ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದರೆ ಸಂತೆ ಬಗ್ಗೆ ನಮಗೆ ಅಂಥ ನೆನಪುಗಳಿಲ್ಲ. ನನ್ನ ಅಜ್ಜಿ ಊರಲ್ಲಿ ಅಂಗಡಿ ಮೆಟ್ಟಿಲು ಹತ್ತುತ್ತಿರಲಿಲ್ಲ. ದುಡ್ಡು ನೆಲದ ಮೇಲೆ ಇಡಬೇಕು, ಸಾಮಾನು ಮೇಲಿಂದ ಸೆರಗಿಗೆ ಬೀಳುತ್ತೆ. ಹೋಟೆಲಲ್ಲಿ ಲೋಟ ಬೇರೆ. ಮಾಲಲ್ಲಿ ಬೆಲೆ ಚೀಟಿಯಲ್ಲಿ ಬರೆದಿರುತ್ತೆ, ಮಿಷಿನ್ ಬಿಲ್ ಹಾಕುತ್ತೆ, ಕೈಗೇ ಚಿಲ್ಲರೆ ಕೊಡ್ತಾರೆ. ನಮ್ಮ ಕೇರಿ ಹುಡುಗರು ಹಬ್ಬದ ದಿನ ಇಸ್ತ್ರಿ ಶರ್ಟ್ ಹಾಕ್ಕೊಂಡು ಅಲ್ಲಿಗೆ ಹೋಗ್ತಿದ್ದದ್ದು ಸುಮ್ಮನೆ ಅಲ್ಲ. ಏನೂ ಕೊಳ್ಳದೆ ಎರಡು ಗಂಟೆ ತಣ್ಣಗೆ ಸುತ್ತಾಡಿ ಬರ್ತಿದ್ರು. ‘ಯಾರ ಮಗ?’ ಅಂತ ಕೇಳದ ಜಾಗ ಅದು. ಇದನ್ನ ಬಂಡವಾಳಶಾಹಿ ಮೋಹ ಅಂತ ಗೇಲಿ ಮಾಡಬೇಡಿ.

ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ತೆಗೆದು ನೋಡಿ. ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳಿಂದ ತಡೆಯೋ ಹಾಗಿಲ್ಲ. 1948ರ ನವೆಂಬರಲ್ಲಿ ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಅಂದ್ರೆ ಏನು ಅಂತ ಪ್ರಶ್ನೆ ಬಂದಾಗ ಬಾಬಾಸಾಹೇಬರು ಆ ಪದವನ್ನ ಆದಷ್ಟು ಅಗಲವಾಗಿ ಬಿಡಿಸಿ ಹೇಳಿದ್ರು. ಬಂದವರಿಗೆ ಸೇವೆ ಕೊಡಲು ಸಿದ್ಧ ಇರೋ ಜಾಗ ಎಲ್ಲವೂ ಅಂಗಡಿಯೇ. ಬಟ್ಟೆ ಒಗೆಯುವವನದೂ, ಕ್ಷೌರದವನದೂ ಸೇರಿ. ಅಂಗಡಿ ಬಾಗಿಲು ನಮಗೆ ಸಣ್ಣ ವಿಷಯ ಯಾವತ್ತೂ ಆಗಿರಲಿಲ್ಲ.

ಹಾಗಂತ ಮಾಲ್ ಸಮಾನತೆಯ ಮಂದಿರ ಅಂತಾನೂ ಹೇಳ್ತಿಲ್ಲ. 2024ರ ಜುಲೈ ನೆನಪಿದೆಯಲ್ಲ? ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಪಂಚೆ ಉಟ್ಟಿದ್ದಾರೆ ಅಂತ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನ ಒಳಗೆ ಬಿಡಲಿಲ್ಲ. ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ದರು. ರಾಜ್ಯ ಸಿಟ್ಟಿಗೆದ್ದಿತು, ವಿಧಾನಸಭೆಯಲ್ಲಿ ಚರ್ಚೆ ಆಯ್ತು, ಮಾಲನ್ನ ಏಳು ದಿನ ಮುಚ್ಚಿಸ್ತೀವಿ ಅಂತ ಸರ್ಕಾರ ಹೇಳಿತು. ಸರಿಯಾಗಿಯೇ ಮಾಡಿತು. ಆದರೆ ಅವತ್ತು ನಾನು ಕೇಳಿದ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಇಲ್ಲ: ಮಾಲ್ ಮುಚ್ಚಿದ ದಿನಗಳಿಗೆ ಒಳಗಿನ ಗುತ್ತಿಗೆ ಕಾರ್ಮಿಕರ ಕೂಲಿ ಕೊಟ್ಟವರು ಯಾರು? ಬಾಗಿಲಲ್ಲಿ ನಿಲ್ಲೋ ಗಾರ್ಡು ಯಾರನ್ನ ತಡೀಬೇಕು ಅಂತ ತಾನೇ ತೀರ್ಮಾನ ಮಾಡಲ್ಲ. ನಿಯಮ ಮೇಲಿಂದ ಬರುತ್ತೆ, ಬೈಗುಳ ಅವನಿಗೆ ಬೀಳುತ್ತೆ.

ಬಾಗಿಲಲ್ಲಿ ಪಂಚೆಗೆ ಆದ ಅವಮಾನ ಎಲ್ಲರಿಗೂ ಕಾಣಿಸಿತು. ಹಿಂದಿನ ಗೇಟಲ್ಲಿ ದಿನಾ ಆಗೋದು ಯಾಕೆ ಕಾಣಿಸಲ್ಲ?

ಜಾಗದ ಮಾತಿಗೆ ಬರ್ತೀನಿ. ನಮ್ಮಪ್ಪ ಮಿಲ್ ಕಾರ್ಮಿಕ. ಮಿಲ್ ಮುಚ್ಚಿದಾಗ ಯೂನಿಯನ್ ಇತ್ತು, ಪಿಎಫ್ ಇತ್ತು, ಕೂತು ಧರಣಿ ಮಾಡೋಕೆ ಒಂದು ಗೇಟ್ ಇತ್ತು. ಬಂದ ದುಡ್ಡು ಕಮ್ಮಿ, ಆದರೆ ಕೇಳೋಕೆ ಒಬ್ಬ ಮಾಲೀಕ ಇದ್ದ. ಆಮೇಲೆ ಈ ಊರಲ್ಲಿ ಏನಾಯ್ತು? ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಗೋಪುರ. ಕಿರ್ಲೋಸ್ಕರ್ ಕಾರ್ಖಾನೆ ಜಾಗದಲ್ಲಿ ಒರಾಯನ್ ಮಾಲ್. ಈಜಿಪುರದ ಇಡಬ್ಲ್ಯೂಎಸ್ ಕ್ವಾರ್ಟರ್ಸ್‌ನಲ್ಲಿ ಇದ್ದದ್ದು ಬಡವರ ಮನೆಗಳು. ಅರ್ಧ ಜಾಗದಲ್ಲಿ ಮಾಲ್ ಕಟ್ಟಿಕೊಳ್ಳಲಿ, ಉಳಿದರ್ಧದಲ್ಲಿ ಬಡವರಿಗೆ ಮನೆ ಕಟ್ಟಿಕೊಡಲಿ ಅಂತ ಖಾಸಗಿಯವರ ಜೊತೆ ಒಪ್ಪಂದ ಆಯ್ತು. 2013ರ ಜನವರಿಯಲ್ಲಿ ಸುಮಾರು 1,500 ಕುಟುಂಬಗಳನ್ನ, ಹೆಚ್ಚಿನವರು ದಲಿತರು, ಅಲ್ಪಸಂಖ್ಯಾತರು, ಜೆಸಿಬಿ ತಂದು ಎಬ್ಬಿಸಿದ್ರು. ಎಷ್ಟೋ ಜನ ಫುಟ್‌ಪಾತಲ್ಲೇ ತಗಡು ಹಾಕ್ಕೊಂಡು ವರ್ಷಗಟ್ಟಲೆ ಬದುಕಿದ್ರು.

ಅಂದ್ರೆ ಮಾಲ್ ಬರುವಾಗಲೂ ನಾವೇ ಖಾಲಿ ಮಾಡಬೇಕು, ಮಾಲ್ ಹೋಗುವಾಗಲೂ ನಾವೇ ಖಾಲಿ ಮಾಡಬೇಕು.

ನಮ್ಮಪ್ಪನಿಗೆ ಇದ್ದ ಆ ಗೇಟು ಚಿಕ್ಕಮ್ಮನಿಗೆ ಇಲ್ಲ. ಹೋಗಿ ಕೇಳಿದರೆ ಮಾಲೀಕರು ಮಾಲ್ ಮ್ಯಾನೇಜ್‌ಮೆಂಟ್ ಕಂಪನಿ ಕಡೆ ತೋರಿಸ್ತಾರೆ. ಅವರು ಫೆಸಿಲಿಟಿ ಕಂಪನಿ ಕಡೆ. ಅವರು ಕೆಳಗಿನ ಕಂಟ್ರಾಕ್ಟರ್ ಕಡೆ. ಕಂಟ್ರಾಕ್ಟರ್ ಫೋನ್ ಸ್ವಿಚ್ ಆಫ್. ಸಂಬಳದಲ್ಲಿ ಪ್ರತಿ ತಿಂಗಳು ಪಿಎಫ್ ಹಿಡಿದಿದ್ದಾರೆ. ಪಾಸ್‌ಬುಕ್ ತೆಗೆಸಿ ನೋಡಿದರೆ ಹನ್ನೊಂದು ತಿಂಗಳಿಂದ ಒಂದು ರೂಪಾಯಿ ಕಟ್ಟಿಲ್ಲ.

ಗಮನ ಇಟ್ಟು ಓದಿ, ಇದು ಎಲ್ಲ ಗುತ್ತಿಗೆ ಕಾರ್ಮಿಕರಿಗೂ ಬೇಕಾದ ಮಾತು. ಕಾನೂನಿನ ಪ್ರಕಾರ ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು. ಕೊಟ್ಟು ಆಮೇಲೆ ಕಂಟ್ರಾಕ್ಟರ್ ಹತ್ತಿರ ವಸೂಲಿ ಮಾಡಿಕೊಳ್ಳೋದು ಅವನ ತಲೆನೋವು. ಪಿಎಫ್ ಹೊಣೆಯೂ ಕೊನೆಗೆ ಅವನದೇ. ‘ಅವರು ನಮ್ಮ ಕೆಲಸಗಾರರಲ್ಲ’ ಅಂತ ಎಸಿ ರೂಮಲ್ಲಿ ಕೂತು ಹೇಳೋ ಮಾತಿಗೆ ಬೆಲೆ ಇಲ್ಲ.

ಪಾಲಿಕೆಗೂ ಒಂದು ಮಾತು. ಆಸ್ತಿ ತೆರಿಗೆ ಬಾಕಿಗೆ ಮಾಲಿಗೆ ಬೀಗ ಹಾಕೋದು ನಿಮಗೆ ಗೊತ್ತಿದೆ. ಮಲ್ಲೇಶ್ವರದ ಮಂತ್ರಿ ಮಾಲಿಗೆ 2021ರಿಂದ ಎಷ್ಟು ಸಲ ಬೀಗ ಬಿತ್ತು, ಎಷ್ಟು ಸಲ ತೆಗೆದ್ರು ಅಂತ ಊರೇ ನೋಡಿದೆ. 2023ರ ಡಿಸೆಂಬರಲ್ಲಿ ಬಾಕಿ 50 ಕೋಟಿ ದಾಟಿತ್ತು ಅಂತ ನೀವೇ ಹೇಳಿದ್ರಿ. 2024ರಲ್ಲಿ ತೆರಿಗೆ ಬಾಕಿದಾರರಿಗೆ ಒನ್ ಟೈಮ್ ಸೆಟ್ಲ್‌ಮೆಂಟ್ ತಂದ್ರಿ. ಬಡ್ಡಿ ಮನ್ನಾ, ದಂಡದಲ್ಲಿ ರಿಯಾಯಿತಿ. ಇರಲಿ. ಆದರೆ ಬೀಗ ಹಾಕುವಾಗ, ತೆಗೆಯುವಾಗ, ರಿಯಾಯಿತಿ ಕೊಡುವಾಗ ಒಂದೇ ಒಂದು ಕಾಗದ ಕೇಳಿ: ಒಳಗೆ ದುಡಿದವರ ಸಂಬಳ, ಪಿಎಫ್ ಬಾಕಿ ಇಲ್ಲ ಅನ್ನೋ ಕಾಗದ. ನಿಮ್ಮ ಬಾಕಿಗೆ ಬೀಗ ಇದೆ. ಚಿಕ್ಕಮ್ಮನ ಬಾಕಿಗೆ ಏನಿದೆ?

ಇದೆಲ್ಲ ಆಗೋ ಮಾತಾ ಅಂತ ಕೇಳಬೇಡಿ. ಇದೇ ಊರಿನ ರಸ್ತೆ ಗುಡಿಸೋ ಪೌರಕಾರ್ಮಿಕರು ಕಂಟ್ರಾಕ್ಟರನನ್ನ ಓಡಿಸಿ ನೇರ ಸಂಬಳ ಪಡೆದ್ರು. 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಕೂತ್ರು. 2025ರ ಮೇ 1ಕ್ಕೆ ಬೆಂಗಳೂರಲ್ಲಿ 12,692 ಜನಕ್ಕೆ ಕಾಯಂ ಆದೇಶ ಸಿಕ್ಕಿತು. ಅವರಲ್ಲಿ ಬಹುಪಾಲು ನಮ್ಮವರೇ, ಹೆಂಗಸರೇ. ಅದೇ ಪೊರಕೆ, ಅದೇ ಕೇರಿ. ರಸ್ತೆಯಲ್ಲಿ ಗುಡಿಸಿದವಳಿಗೆ ಹೋರಾಟದಿಂದ ಒಂದು ಆದೇಶ ಪತ್ರ ಸಿಕ್ಕಿತು. ಗಾಜಿನ ಗೋಡೆ ಒಳಗೆ ಗುಡಿಸಿದವಳಿಗೆ ಒಂದು ವಾಟ್ಸಾಪ್ ಸಾಲು. ವ್ಯತ್ಯಾಸ ಸಂಘಟನೆಯದ್ದು. ಮತ್ತೆ ಹೇಳ್ತೀನಿ, ತಪ್ಪು ನಮ್ಮದೂ ಇದೆ. ಮಾಲ್ ಮುಂದೆ ಪ್ಲೆಕಾರ್ಡ್ ಹಿಡಿದು ನಿಂತಿದ್ದೀವಿ. ಅದರ ಹಿಂದಿನ ಗೇಟಿಗೆ ಶಿಫ್ಟ್ ಬಿಡೋ ಹೊತ್ತಲ್ಲಿ ಎಷ್ಟು ಸಲ ಹೋಗಿದ್ದೀವಿ?

ನಮ್ಮ ಬೇಡಿಕೆ ಇಷ್ಟು:

1. 41 ಜನರ ಹೆಸರು, ಬಾಕಿ ಸಂಬಳ, ಪಿಎಫ್ ಲೆಕ್ಕ ಮಾಲಿನ ಗೇಟಿಗೆ ಅಂಟಿಸಿ. ಕಂಟ್ರಾಕ್ಟರ್ ಕೊಡದಿದ್ದರೆ ಮೂಲ ಮಾಲೀಕರು ಕೊಡಲಿ.

2. ಕಟ್ಟಡ ಮಾರಿದರೂ, ಆಸ್ಪತ್ರೆಯೋ ಆಫೀಸೋ ಆದರೂ, ಕೆಲಸಕ್ಕೆ ಮೊದಲ ಕರೆ ಈ 41 ಜನಕ್ಕೆ. ಟಾಯ್ಲೆಟ್ ಡ್ಯೂಟಿ ಎಲ್ಲರಿಗೂ ಸರದಿಯಲ್ಲಿ.

3. ಮುಚ್ಚಿದ ಕಟ್ಟಡದ ಎಸ್‌ಟಿಪಿ ಟ್ಯಾಂಕ್ ಖಾಲಿ ಮಾಡೋಕೆ ನಮ್ಮ ಹುಡುಗರನ್ನ ‘ಒಂದು ದಿನದ ಕೆಲಸ’ ಅಂತ ಯಾರೂ ಕರೀಬಾರದು. 2013ರ ಕಾಯ್ದೆ ನಿಷೇಧಿಸಿದೆ. ಸತ್ತರೆ 30 ಲಕ್ಷ ಪರಿಹಾರ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮಗೆ ಆ 30 ಲಕ್ಷ ಬೇಡ, ಹುಡುಗರು ಬೇಕು.

ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಸೇರ್ತಿದ್ದೀವಿ. ಅಲ್ಲಿ ದುಡಿದವರು ಐಡಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಪಿಎಫ್ ನಂಬರ್, ಆ ವಾಟ್ಸಾಪ್ ಮೆಸೇಜು ತನ್ನಿ. ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ. ವಕೀಲ ಗೆಳೆಯರು ಬನ್ನಿ, ಫಾರಂ ತುಂಬೋಕೆ ಕೈ ಬೇಕು. ಕಾರ್ಮಿಕ ಇಲಾಖೆಗೆ ಸೋಮವಾರ ಎಲ್ಲರೂ ಒಟ್ಟಿಗೆ ಹೋಗೋಣ.

ನೆನಪಿನ ಫೋಟೋ ಹಾಕಿದವರೂ ಬನ್ನಿ. ನಿಮ್ಮ ಮೊದಲ ಸಿನಿಮಾ, ಮೊದಲ ಪ್ರೀತಿ ಯಾವುದನ್ನೂ ನಾನು ಗೇಲಿ ಮಾಡ್ತಿಲ್ಲ. ನೀವು ಅಲ್ಲಿ ಖುಷಿಯಾಗಿದ್ದ ಅಷ್ಟೂ ಹೊತ್ತು ಯಾರೋ ಒಬ್ಬರು ನಿಮ್ಮ ಹಿಂದೆ ಮಾಪ್ ಹಿಡಿದು ಬರ್ತಿದ್ರು. ಅವರ ಮುಖ ನೋಡೋಕಾದ್ರೂ ಬನ್ನಿ.

ಜೈ ಭೀಮ್.