ನಾಯಿ ಕೊರಳಿನ ಜಿಪಿಎಸ್: ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ

ದೀಪಾವಳಿಯ ಪಟಾಕಿಗೆ ಬೆದರಿ ನಾಯಿ ಒಮ್ಮೆ ಗೇಟು ಹಾರಿ ಓಡಿತೆಂದರೆ ಸಾಕು, ಮರುದಿನವೇ ಮನೆಗೆ ಜಿಪಿಎಸ್ ಬೆಲ್ಟು ಬರುತ್ತದೆ. ಅದರ ಹಿಂದೆಯೇ ಅನುಮಾನವೂ ಬರುತ್ತದೆ: ಇದರ ವಿಕಿರಣದಿಂದ ನಾಯಿಗೆ ಕ್ಯಾನ್ಸರ್ ಬಂದರೆ?

ಜಿಪಿಎಸ್ ಚಿಪ್ ಉಪಗ್ರಹದ ಸಂಕೇತ ಹಿಡಿಯುತ್ತದೆ ಅಷ್ಟೆ, ತಾನೇನೂ ಕಳಿಸುವುದಿಲ್ಲ. ಕಳಿಸುವುದು ಒಳಗೆ ಸಿಮ್ ಜೊತೆಗಿರುವ ಮೋಡೆಮ್. ಅದೂ ಬ್ಯಾಟರಿ ಉಳಿಸಲೆಂದು ಆಗಾಗ ಕ್ಷಣಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು 'ಕ್ಯಾನ್ಸರ್‌ಕಾರಕ ಇರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಲೋಳೆಸರದ ಇಡೀ ಎಲೆಯ ಸಾರವೂ ಈಗ ಅದೇ ಗುಂಪಿನಲ್ಲಿದೆ! ಅಮೆರಿಕದ ಸರ್ಕಾರಿ ಅಧ್ಯಯನವೊಂದು 2018ರಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡದ್ದನ್ನು ವರದಿ ಮಾಡಿತು. ಆ ಇಲಿಗಳ ಇಡೀ ಮೈಗೆ ದಿನಕ್ಕೆ ಸುಮಾರು 9 ಗಂಟೆಯಂತೆ ಎರಡು ವರ್ಷ ತರಂಗ ಹಾಯಿಸಲಾಗಿತ್ತು. ವಿಚಿತ್ರವೆಂದರೆ, ತರಂಗ ತಾಗದ ಗಂಡು ಇಲಿಗಳಿಗಿಂತ ಅವೇ ಹೆಚ್ಚು ಕಾಲ ಬದುಕಿದವು.

ಒಂದು ಮಾತು ಒಪ್ಪಬೇಕು. ಭಾರತದಲ್ಲಿ ಮೊಬೈಲಿನಿಂದ ದೇಹ ಹೀರುವ ತರಂಗಶಕ್ತಿಗಿರುವ ಕಿಲೋಗೆ 1.6 ವ್ಯಾಟ್ ಮಿತಿ ಮನುಷ್ಯರ ದೇಹವನ್ನು ಗಮನದಲ್ಲಿಟ್ಟು ಮಾಡಿದ್ದು, ಮೂರು ಕಿಲೋ ಬೆಕ್ಕಿನ ಕೊರಳನ್ನಲ್ಲ.

ಕಣ್ಣಿಗೆ ಕಾಣುವ ಅಪಾಯ ಇರುವುದು ಬೆಲ್ಟಿನ ಅಡಿಯಲ್ಲಿ. 2023ರ ಜುಲೈನಲ್ಲಿ ಮಧ್ಯಪ್ರದೇಶದ ಕುನೋದಲ್ಲಿ ತೇಜಸ್, ಸೂರಜ್ ಎಂಬ ಚೀತಾಗಳು ಸತ್ತಾಗ ರೇಡಿಯೋ ಕಾಲರ್ ಕೆಳಗೆ ಹುಳ ಬಿದ್ದ ಗಾಯಗಳು ಕಂಡವು. ಕಾಲರೇ ಕಾರಣವೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದಿತು ಕೇಂದ್ರ ಸರ್ಕಾರ. ಆದರೂ ತಪಾಸಣೆಗೆಂದು ಉಳಿದ ಕೆಲವು ಚೀತಾಗಳ ಕಾಲರ್ ಬಿಚ್ಚಬೇಕಾಯಿತು. ಮಳೆಗಾಲ, ಒದ್ದೆ ರೋಮ, ನೊಣ: ಮಲೆನಾಡಿನ ನಾಯಿಗೂ ಇವು ತಪ್ಪಿದ್ದಲ್ಲ. ಮೇಲಾಗಿ ಉಣ್ಣೆಗಳಿಗೆ ಬೆಲ್ಟಿನಡಿಗಿಂತ ಒಳ್ಳೆಯ ಅಡಗುದಾಣ ಬೇಕೆ? ದಿನಕ್ಕೊಮ್ಮೆ ಬಿಚ್ಚಿ, ಕೊರಳು ಒರೆಸಿ, ರೋಮ ಸರಿಸಿ ನೋಡಬೇಕು. ಮತ್ತೆ ಕಟ್ಟುವಾಗ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಬೇಕು.

ಇನ್ನು ಅಗ್ಗವೆಂದು ಕೊರಳಿಗೆ ತೂಗುಹಾಕುವ, ಕಳೆದ ವಸ್ತು ಹುಡುಕುವ ಏರ್‌ಟ್ಯಾಗ್ ಬಿಲ್ಲೆ. ಇದು ವಸ್ತುಗಳಿಗೆಂದು ಮಾಡಿದ್ದು, ಸಾಕುಪ್ರಾಣಿಗಳಿಗಲ್ಲ ಎಂದು ಆಪಲ್ ಕಂಪನಿಯೇ ಹೇಳಿದೆ. ಒಂದೇ ಮನೆಯಲ್ಲಿ ಎರಡು ನಾಯಿಗಳಿದ್ದು ಕಚ್ಚಾಡಿ ಆಡುತ್ತಿದ್ದರೆ, ಒಂದರ ಕೊರಳಿನ ಬಿಲ್ಲೆ ಇನ್ನೊಂದರ ಹೊಟ್ಟೆ ಸೇರುವುದು ಕಷ್ಟವೇನಲ್ಲ. ಒಳಗಿನ ಲಿಥಿಯಂ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ನುಂಗಿದ್ದು ಗೊತ್ತಾದ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ. ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ.