ಯೂಮೆರಲ್ಲಾ ತೀರದ ತರ್ಪಣ

ಸತ್ತವರ ಋಣವು ಉಳಿದವರ ತಲೆಯ ಮೇಲೆ ನಿಲ್ಲುವುದೆಂಬುದು ನಮ್ಮ ಹಿರಿಯರ ನಂಬಿಕೆ. ಕುರುಕ್ಷೇತ್ರದ ಯುದ್ಧವು ಮುಗಿದ ತರುವಾಯ ಧರ್ಮರಾಯನು ತನ್ನ ಕಡೆಯವರಿಗೂ ಎದುರುಪಕ್ಷದವರಿಗೂ, ನಮ್ಮವರೆಂದು ಹೇಳಿಕೊಳ್ಳುವ ಬಂಧುಗಳೇ ಇಲ್ಲದೆ ಬಿದ್ದಿದ್ದ ಯೋಧರಿಗೂ ಸಂಸ್ಕಾರವನ್ನು ಮಾಡಿಸಿದನೆಂದು ಸ್ತ್ರೀಪರ್ವದಲ್ಲಿ ಹೇಳಿದೆ. ಗೆದ್ದವನು ಸಿಂಹಾಸನವನ್ನೇರುವುದಕ್ಕೆ ಮೊದಲು ಮಾಡತಕ್ಕ ಕೆಲಸವದು. ಆ ಕೆಲಸವನ್ನು ಮಾಡದೆಯೇ ನೂರೈವತ್ತು ವರ್ಷಗಳಿಗೂ ಮೇಲಾಗಿ ಕಳೆದ ಒಂದು ನಾಡಿನಲ್ಲಿ, ಅದು ಈಚೆಗೆ ಗಾನರೂಪದಲ್ಲಿ ನಡೆದ ಬಗೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ನೈಋತ್ಯದಲ್ಲಿ ಬುಜ್ ಬಿಮ್ ಎಂಬ ಆರಿದ ಅಗ್ನಿಪರ್ವತವಿದೆ. ಸುಮಾರು 37,000 ವರ್ಷಗಳ ಹಿಂದೆ ಅದರಿಂದ ಹರಿದ ಶಿಲಾರಸವು ತಣಿದು, ನೆಲವೆಲ್ಲ ಕಗ್ಗಲ್ಲಿನ ಹರವಾಯಿತು. ನಡುನಡುವೆ ಕೆರೆಗಳೂ ಜವುಗುಗಳೂ ನಿಂತವು. ಅಲ್ಲಿನ ಮೂಲನಿವಾಸಿಗಳಾದ ಗುಂಡಿಚ್ಮಾರಾ ಜನರು ಆ ಕಲ್ಲಿನಲ್ಲೇ ಕಾಲುವೆಗಳನ್ನು ತೋಡಿ, ಒಡ್ಡುಗಳನ್ನು ಕಟ್ಟಿ, ಹಾವುಮೀನನ್ನು ತಡೆದು ಸಾಕಿ, ಹೆಣೆದ ಬುಟ್ಟಿಗಳಲ್ಲಿ ಹಿಡಿಯುತ್ತಿದ್ದರು. ಈ ಕಟ್ಟಡಗಳಲ್ಲಿ ಕೆಲವಕ್ಕೆ 6,600 ವರ್ಷಗಳಷ್ಟಾದರೂ ವಯಸ್ಸಾಗಿದೆಯೆಂದು ಶೋಧಕರು ನಿರ್ಣಯಿಸಿದ್ದಾರೆ. ಕಲ್ಲು ಜೋಡಿಸಿ ಕಟ್ಟಿದ ದುಂಡು ಮನೆಗಳ ನೆಲಗಟ್ಟುಗಳೂ ಕಾಣಸಿಗುತ್ತವೆ. ಇವರು ನೆಲೆಯಿಲ್ಲದ ಅಲೆಮಾರಿಗಳೆಂಬ ಹಳೆಯ ಮಾತು ಎಷ್ಟು ನಿರಾಧಾರವೆಂಬುದಕ್ಕೆ ಬೇರೆ ಸಾಕ್ಷಿಯೇ ಬೇಡ.

1834ರಲ್ಲಿ ಹೆಂಟಿ ಮನೆತನದವರು ಪೋರ್ಟ್‌ಲೆಂಡ್ ಕೊಲ್ಲಿಯ ದಡದಲ್ಲಿ ನೆಲೆಯೂರಿದರು. ಅವರ ಹಿಂದೆಯೇ ಕುರಿಯ ಹಿಂಡುಗಳು ಬಂದವು. ಹುಲ್ಲುಗಾವಲೂ ನೀರಿನ ತಾಣಗಳೂ ಕುರಿಗಳ ಪಾಲಾದುವು. ಬೇಟೆಯ ನೆಲವನ್ನು ಕಳೆದುಕೊಂಡವರು ಕುರಿಗಳ ಮೇಲೆ ಬಿದ್ದರು. ಬಂದೂಕುಗಳು ಉತ್ತರ ಕೊಟ್ಟವು. ಹೀಗೆ ಮೊದಲಾದ ಕಾಳಗಗಳಿಗೆ ಅಲ್ಲಿ ಹರಿಯುವ ಯೂಮೆರಲ್ಲಾ ನದಿಯ ಹೆಸರೇ ಬಂದಿದೆ. ಸುಮಾರು 1840ರಿಂದ 1863ರವರೆಗೆ ಅವು ನಡೆದವು. ಕುದುರೆಯ ಗೊರಸು ಊರಲಾರದ ಕಗ್ಗಲ್ಲ ಹರವೇ ಗುಂಡಿಚ್ಮಾರಾ ಯೋಧರ ಕೋಟೆಯಾಗಿತ್ತು. ಆದರೂ ಕೊನೆಗೆ ಅವರು ಸೋತರು. ಸತ್ತವರೆಷ್ಟು ಮಂದಿ ಎಂಬ ಪೂರ್ಣ ಲೆಕ್ಕವನ್ನು ಯಾವ ದಫ್ತರವೂ ಇಟ್ಟಿಲ್ಲ. ಉಳಿದವರಲ್ಲಿ ಅನೇಕರನ್ನು 1867ರಲ್ಲಿ ಕಾಂಡಾ ಕೆರೆಯ ಬಳಿ ಸ್ಥಾಪಿತವಾದ ಪಾದ್ರಿಗಳ ವಸತಿಯಲ್ಲಿ ಸೇರಿಸಿದರು. ನೆಲವು ಹೋದ ಮೇಲೆ ನುಡಿಯೂ ಮಕ್ಕಳ ನಾಲಗೆಯಿಂದ ಮೆಲ್ಲಮೆಲ್ಲನೆ ಜಾರಿತು.

ಇದನ್ನು ಗಾನಕ್ಕೆ ತಂದವರು ಡೆಬೊರಾ ಚೀಥಮ್ ಫ್ರೇಲನ್ ಎಂಬ ವಿದುಷಿ. ಈಕೆ ಯೋರ್ಟಾ ಯೋರ್ಟಾ ಎಂಬ ಮತ್ತೊಂದು ಮೂಲಜನಾಂಗದವರು. 1964ರಲ್ಲಿ ಹುಟ್ಟಿ, ಮೂರು ವಾರದ ಕೂಸಾಗಿದ್ದಾಗಲೇ ತಾಯಿಯಿಂದ ಅಗಲಿಸಲ್ಪಟ್ಟು ಬಿಳಿಯರ ಮನೆಯಲ್ಲಿ ಬೆಳೆದವರು. ಸ್ವತಃ ಗಾಯಕಿ, 2010ರಲ್ಲಿ ಪ್ರದರ್ಶಿತವಾದ 'ಪೀಕನ್ ಸಮ್ಮರ್' ಎಂಬ ಗೀತನಾಟಕದ ಕರ್ತೃ. ಕ್ಯಾಥೊಲಿಕ್ ಕ್ರೈಸ್ತರಲ್ಲಿ ಮೃತರ ಆತ್ಮಶಾಂತಿಗಾಗಿ ನಡೆಯುವ ಪೂಜೆಗೆ ರೆಕ್ವಿಯಂ ಎಂದು ಹೆಸರು. ಮೊಟ್ಸಾರ್ಟ್, ವೆರ್ಡಿ ಮೊದಲಾದ ಮಹನೀಯರು ಅದರ ಲ್ಯಾಟಿನ್ ಪಾಠಕ್ಕೆ ಸಂಗೀತವನ್ನು ಕಟ್ಟಿದ್ದಾರೆ. ಈಕೆ ಆ ಪೂಜೆಯ ಕ್ರಮವನ್ನು ಚೌಕಟ್ಟಾಗಿ ಇಟ್ಟುಕೊಂಡು, ಒಳಗಿನ ನುಡಿಯನ್ನು ಗುಂಡಿಚ್ಮಾರಾ ಜನರ ಭಾಷೆಯಲ್ಲಿಯೇ ಇರಿಸಿದರು. ಅದಕ್ಕಾಗಿ ಆ ಭಾಷೆಯನ್ನು ಪುನರುದ್ಧರಿಸಲು ದುಡಿಯುತ್ತಿರುವ ವಿಕಿ ಕೌಸಿನ್ಸ್ ಅವರ ಮತ್ತು ಭಾಷಾವಿಜ್ಞಾನಿ ಕ್ರಿಸ್ ಐರಾ ಅವರ ನೆರವನ್ನು ಪಡೆದರು. ಕೃತಿಯು 2018ರಲ್ಲಿ, ಕಾಳಗದ ನೆಲಕ್ಕೆ ಸಮೀಪದ ಪೋರ್ಟ್ ಫೇರಿ ಊರಿನಲ್ಲಿ ಮೊದಲು ಕೇಳಿಬಂತು. 2019ರ ಜೂನ್‌ನಲ್ಲಿ ಮೆಲ್ಬೋರ್ನ್ ನಗರದ ಹೇಮರ್ ಹಾಲ್‌ನಲ್ಲಿ ಆ ನಗರದ ದೊಡ್ಡ ವಾದ್ಯವೃಂದವೂ ಅದರ ಗಾಯಕಸಮೂಹವೂ ಅದನ್ನು ನಡೆಸಿಕೊಟ್ಟವು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಲಕ್ಷಿಸಬೇಕು. ಆ ದೊಡ್ಡ ಗಾಯಕಸಮೂಹದಲ್ಲಿ ಬಹುಮಂದಿ, ಕಡಲಾಚೆಯಿಂದ ಬಂದು ನೆಲೆಸಿದವರ ಸಂತತಿಯವರು. ಅವರು ಈ ನುಡಿಯ ಒಂದೊಂದು ಅಕ್ಷರವನ್ನೂ ಹೊಸದಾಗಿ ಕಲಿಯಬೇಕಾಯಿತು. ಅವರೊಡನೆ ಮೂಲನಿವಾಸಿಗಳ ಮಕ್ಕಳ 'ಢುಂಗಾಲಾ' ಗಾಯಕವೃಂದವೂ ಹಾಡಿತು. ಮಂತ್ರದಲ್ಲಿ ಸ್ವರವೂ ಉಚ್ಚಾರವೂ ಕೆಟ್ಟರೆ ಫಲವು ಕೆಡುವುದೆಂದು ನಮ್ಮ ಶಿಕ್ಷಾಗ್ರಂಥಗಳು ಎಚ್ಚರಿಸುತ್ತವೆ. ಉಚ್ಚಾರವನ್ನು ತಿದ್ದಿಕೊಳ್ಳುವವನು ಮೊದಲು ಕಿವಿಗೊಡಬೇಕು; ಕಲಿಸುವವನ ಮುಂದೆ ತಲೆಬಾಗಬೇಕು. ಕೊಂದವರ ಕಡೆಯ ನಾಲಗೆಯು ಸತ್ತವರ ಭಾಷೆಗೆ ಶಿಷ್ಯನಾಗುವುದೇ ಒಂದು ಪ್ರಾಯಶ್ಚಿತ್ತವಲ್ಲವೆ?

ಹಾಡಿದ ಮಾತ್ರಕ್ಕೆ ನೆಲವು ಹಿಂದಿರುಗುವುದೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನೆಲದ ಹಕ್ಕಿಗಾಗಿ ಗುಂಡಿಚ್ಮಾರಾ ಜನರು ನ್ಯಾಯಸ್ಥಾನದಲ್ಲಿ ವರ್ಷಗಟ್ಟಲೆ ಹೋರಾಡಿದರು. 2007ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಅವರ ಪರಂಪರಾಗತವಾದ ಸ್ವಾಮ್ಯವನ್ನು ಅಂಗೀಕರಿಸಿತು. ಮೆಲ್ಬೋರ್ನಿನ ಗಾನದ ಮರುತಿಂಗಳಲ್ಲಿಯೇ, 2019ರ ಜುಲೈನಲ್ಲಿ, ಬುಜ್ ಬಿಮ್ ನೆಲವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ನ್ಯಾಯಸ್ಥಾನವು ಬದುಕಿರುವವರ ಹಕ್ಕನ್ನು ತೀರ್ಮಾನಿಸಬಲ್ಲದು. ಹೆಸರಿಲ್ಲದೆ ಸತ್ತವರಿಗೆ ಅದು ಏನನ್ನು ಕೊಟ್ಟೀತು? ಅವರಿಗೆ ಸಲ್ಲತಕ್ಕದ್ದು ಸ್ಮರಣೆಯೊಂದೇ; ಅದೂ ಅವರಿಗೆ ತಿಳಿಯುವ ಮಾತಿನಲ್ಲಿ ಸಲ್ಲಬೇಕು.

ಮನೆಯಲ್ಲಿ ಮಕ್ಕಳಿಗೆ ಭೂಪಟವನ್ನು ತೋರಿಸುವ ಗೃಹಸ್ಥರು ಆಸ್ಟ್ರೇಲಿಯಾದ ಕೆಳಗಿನ ಅಂಚಿನಲ್ಲಿ ಪೋರ್ಟ್ ಫೇರಿಯನ್ನು ಹುಡುಕಲಿ. ಅದರ ಪಕ್ಕದ ಸಣ್ಣ ನದಿಯ ಹೆಸರನ್ನೂ ಅದರ ದಡದಲ್ಲಿ ನಡೆದುದನ್ನೂ ಒಮ್ಮೆ ಹೇಳಲಿ. ಆ ಸತ್ತವರ ಪಾಲಿಗೆ ಅದೂ ಒಂದು ಬೊಗಸೆ ನೀರೇ.