ಹೊಸ ಫೋನಿಗೆ ಹಳೆಯ ಚಿತ್ರಗಳು

ಹಿಂದೆ ಮದುವೆಯಾದ ಮರುವಾರ ಮನೆಯವರು ಸ್ಟುಡಿಯೋದ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಚಿತ್ರದ ಪ್ರತಿಗಳು ಮನೆಗೆ ಬರುತ್ತಿದ್ದುವು. ನೆಗೆಟಿವ್ ಮಾತ್ರ, ಸಂಖ್ಯೆ ಬರೆದ ಲಕೋಟೆಯೊಳಗೆ, ಸ್ಟುಡಿಯೋದವರ ಬೀರುವಿನಲ್ಲಿಯೇ ಉಳಿಯುತ್ತಿತ್ತು. ಹತ್ತು ವರ್ಷಗಳ ಮೇಲೆ ಗೋಡೆಯ ಪಟಕ್ಕೆ ಗೆದ್ದಲು ಹತ್ತಿದರೆ, ಆ ಸಂಖ್ಯೆಯ ಚೀಟಿಯನ್ನು ಹಿಡಿದು ಹೋದವರಿಗೆ ಹೊಸ ಪ್ರತಿ ದೊರೆಯುತ್ತಿತ್ತು. ಚೀಟಿ ಕಳೆದುಕೊಂಡವರು ಸ್ಟುಡಿಯೋದವರ ಜ್ಞಾಪಕಶಕ್ತಿಯನ್ನೇ ನಂಬಬೇಕಾಗಿತ್ತು.

ಇಂದು ಕ್ಯಾಮೆರಾ ಎಲ್ಲರ ಜೇಬಿನಲ್ಲಿಯೂ ಇದೆ. ಮದುವೆಯಲ್ಲೊಮ್ಮೆ ಉಪನಯನದಲ್ಲೊಮ್ಮೆ ತೆಗೆಸುತ್ತಿದ್ದ ಚಿತ್ರಗಳನ್ನು ಈಗ ಒಂದೇ ದಿನದಲ್ಲಿ ನೂರರ ಲೆಕ್ಕದಲ್ಲಿ ತೆಗೆಯುವುದುಂಟು. ಆದರೆ ಪ್ರತಿ ಎಲ್ಲಿದೆ, ನೆಗೆಟಿವ್ ಎಲ್ಲಿದೆ, ಚೀಟಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳು ಹಾಗೆಯೇ ಉಳಿದಿವೆ. ಈ ಮೂರಕ್ಕೂ ಉತ್ತರ ತಿಳಿಯದ ಮನೆಯಲ್ಲಿ ಫೋನು ಕೆಟ್ಟ ದಿನ ಏನಾಗುವುದೆಂಬುದಕ್ಕೆ ಮೈಸೂರಿನ ಒಂದು ಸಂಸಾರದ ಕಥೆ ಸಾಕು.

ಆ ಮನೆಯಲ್ಲಿರುವವರು ಅರುವತ್ತೈದು ದಾಟಿದ ಗೃಹಿಣಿಯೊಬ್ಬರೇ. ಯಜಮಾನರು ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡು ಎಂಟು ತಿಂಗಳಾಗಿದ್ದುವು. ಮಗ ಸೊಸೆಯರಿರುವುದು ಬೆಂಗಳೂರಿನಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಒಂದು ಬೆಳಿಗ್ಗೆ ಸಂಪಿನಲ್ಲಿ ನೀರು ಎಷ್ಟಿದೆಯೆಂದು ಆಕೆ ಬಗ್ಗಿ ನೋಡುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಜಾರಿ ನೀರಿನ ಪಾಲಾಯಿತು. ಪಕ್ಕದ ಮನೆಯ ಹುಡುಗನು ಇಳಿದು ಎತ್ತಿಕೊಡುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಅಕ್ಕಿಯ ಡಬ್ಬಿಯಲ್ಲಿ ಎರಡು ದಿನ ಹೂಳಿಟ್ಟದ್ದೂ ಫಲ ಕೊಡಲಿಲ್ಲ. ರಿಪೇರಿ ಅಂಗಡಿಯವನು, “ಬೋರ್ಡು ಹೋಗಿದೆ, ಅಮ್ಮ. ಇದಕ್ಕೆ ದುಡ್ಡು ಸುರಿಯಬೇಡಿ” ಎಂದುಬಿಟ್ಟನು.

ಭಾನುವಾರ ಮಗನು ಹೊಸ ಫೋನಿನೊಡನೆ ಹೆಂಡತಿಯನ್ನೂ ಕರೆದುಕೊಂಡು ಬಂದನು.

“ಫೋನು ಹೋದರೆ ಹೋಗಲಿ ಬಿಡಮ್ಮ. ಚಿತ್ರಗಳೆಲ್ಲ ಕ್ಲೌಡಿನಲ್ಲಿ ಭದ್ರವಾಗಿರುತ್ತವೆ” ಎಂದನು.

“ಮುಗಿಲಿನಲ್ಲಿದ್ದರೆ ನನ್ನ ಕೈಗೆ ಬರುವುದು ಹೇಗಪ್ಪ? ನಿಮ್ಮಪ್ಪನ ದನಿ ಇದ್ದದ್ದು ಅದೊಂದರಲ್ಲೇ” ಎಂದರು ತಾಯಿ.

ಹೆಸರು ಕ್ಲೌಡ್ ಆದರೂ ಅಲ್ಲಿ ಮುಗಿಲೂ ಇಲ್ಲ, ಮಳೆಯೂ ಇಲ್ಲ. ಭೂಮಿಯ ಮೇಲೆಯೇ ಅಲ್ಲಲ್ಲಿ ಕಟ್ಟಿರುವ ಭಾರಿ ಕಟ್ಟಡಗಳಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಕಂಪ್ಯೂಟರುಗಳೇ ಈ ಕ್ಲೌಡ್. ಫೋನಿನಲ್ಲಿ ತೆಗೆದ ಚಿತ್ರದ ನಕಲೊಂದು ಇಂಟರ್‌ನೆಟ್ಟಿನ ಮೂಲಕ ಅಲ್ಲಿಗೆ ಹೋಗಿ ಗೃಹಸ್ಥನ ಖಾತೆಯಲ್ಲಿ ಜಮೆಯಾಗುತ್ತದೆ. ಹಾಗೆ ಜಮೆಯಾಗುವುದಕ್ಕೆ ಬ್ಯಾಕಪ್ ಎಂದು ಹೆಸರು. ಅದು ಹೊಸ ಕಾಲದ ನೆಗೆಟಿವ್. ಕ್ಲೌಡ್ ಹೊಸ ಕಾಲದ ಸ್ಟುಡಿಯೋ ಬೀರು. ಹಾಗಾದರೆ ಚೀಟಿ ಯಾವುದು? ಖಾತೆಯ ಹೆಸರು ಮತ್ತು ಪಾಸ್‌ವರ್ಡ್.

ಮಗನು ಮೊದಲು ಎಡವಿದ್ದು ಇಲ್ಲಿಯೇ. ಹೊಸ ಫೋನನ್ನು ತೆರೆದ ಕೂಡಲೇ ಅದು ಖಾತೆ ಯಾವುದೆಂದು ಕೇಳಿತು. ಹಳೆಯದನ್ನು ವಿಚಾರಿಸುವ ತಾಳ್ಮೆಯಿಲ್ಲದೆ ಆತನು ತಾಯಿಯ ಹೆಸರಿನಲ್ಲಿ ಹೊಸದೊಂದು ಖಾತೆಯನ್ನು ತೆರೆದನು. ಗೂಗಲ್ ಫೋಟೋಸ್ ಬಿಚ್ಚಿ ನೋಡಿದರೆ ಒಂದು ಚಿತ್ರವೂ ಇಲ್ಲ! ತಾಯಿಯ ಮುಖ ಬಾಡಿತು. ಬೇರೆ ಬ್ಯಾಂಕಿನಲ್ಲಿ ಹೊಸ ಪಾಸ್‌ಬುಕ್ ಮಾಡಿಸಿಕೊಂಡು ಹಳೆಯ ಬ್ಯಾಂಕಿನ ಹಣ ಕಾಣುತ್ತಿಲ್ಲವೆಂದು ಕೊರಗುವುದೂ ಇದೂ ಒಂದೇ. ಚಿತ್ರಗಳು ಹಳೆಯ ಖಾತೆಯಲ್ಲಿಯೇ ಇರುತ್ತವೆ; ಆ ಖಾತೆಯಿಂದ ಪ್ರವೇಶಿಸಿದ ಹೊರತು ಕಾಣಿಸಿಕೊಳ್ಳುವುದಿಲ್ಲ.

“ಅತ್ತೆ, ಆ ಫೋನು ತಂದಾಗ ಎಲ್ಲವನ್ನೂ ಹೊಂದಿಸಿಕೊಟ್ಟವರು ಮಾವನವರಲ್ಲವೆ? ಅವರು ಎಲ್ಲಿಯಾದರೂ ಬರೆದಿಟ್ಟಿದ್ದಾರೆಯೆ ನೋಡಿ” ಎಂದಳು ಸೊಸೆ.

ಆಕೆ ಅಡಿಗೆಮನೆಯ ಗೂಡಿನಿಂದ ಹಾಲಿನ ಲೆಕ್ಕದ ಪುಸ್ತಕವನ್ನು ತಂದರು. ಕೊನೆಯ ಪುಟದಲ್ಲಿ ಯಜಮಾನರ ದುಂಡು ಅಕ್ಷರದಲ್ಲಿ ಖಾತೆಯ ವಿಳಾಸ, ಅದರ ಕೆಳಗೆ ಪಾಸ್‌ವರ್ಡ್!

ಪಾಸ್‌ವರ್ಡ್ ಒಪ್ಪಿದ ಮೇಲೆಯೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಬಂದವರು ನಿಜವಾದ ಒಡೆಯರೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಇನ್ನೊಂದು ಗುರುತು ಬೇಕಾಯಿತು. ಹಳೆಯ ಫೋನಿನ ಮೇಲೆ ಮೂಡುವ ಪ್ರಶ್ನೆಗೆ ಒಪ್ಪಿಗೆ ಕೊಡಬೇಕೆಂದು ಹೊಸ ಫೋನು ಹೇಳಿದಾಗ ಮಗನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಬೇರೆ ಮಾರ್ಗಗಳೂ ಇರುತ್ತವೆ. ಅವುಗಳಲ್ಲಿ ಒಂದು, ನೋಂದಾಯಿಸಿದ ದೂರವಾಣಿ ಸಂಖ್ಯೆಗೆ ಬರುವ ಸಂದೇಶ. ನೀರಿಗೆ ಬಿದ್ದ ಫೋನು ಸತ್ತರೂ ಸಿಮ್ ಸಾಯುವುದು ವಿರಳ. ಅದನ್ನು ಒರೆಸಿ ಹೊಸ ಫೋನಿಗೆ ಹಾಕಿದಾಗ ಸಂಖ್ಯೆ ಬಂದಿತು, ಬಾಗಿಲು ತೆರೆಯಿತು. ಫೋನು ಕಳವಾಗಿದ್ದರೆ ಕಂಪನಿಯ ಅಂಗಡಿಯಿಂದ ಅದೇ ಸಂಖ್ಯೆಯ ಹೊಸ ಸಿಮ್ ಪಡೆಯಬೇಕು. ಸಿಮ್ ಬದಲಾದ ಮೊದಲ 24 ಗಂಟೆಗಳ ಕಾಲ, ವಂಚನೆಯನ್ನು ತಡೆಯುವ ಸಲುವಾಗಿ, ಸಂದೇಶಗಳನ್ನು ನಿಲ್ಲಿಸಿರುತ್ತಾರೆ. ಆ ಒಂದು ದಿನ ಗಾಬರಿಪಡದೆ ಕಾಯತಕ್ಕದ್ದು. ಇಂತಹ ಸಂಕಟಕ್ಕೆಂದೇ ಗೂಗಲ್ ಖಾತೆಯಲ್ಲಿ ತಲಾ ಎಂಟು ಅಂಕಿಗಳ 10 ಗುಪ್ತ ಸಂಖ್ಯೆಗಳನ್ನು ಮುಂಚಿತವಾಗಿ ಪಡೆದು ಕಾಗದದಲ್ಲಿ ಬರೆದಿಟ್ಟುಕೊಳ್ಳುವ ಅವಕಾಶವಿದೆ. ಒಂದು ಸಂಖ್ಯೆ ಒಂದು ಬಾರಿಗೆ ಮಾತ್ರ.

ಖಾತೆ ತೆರೆದ ಕೆಲವು ನಿಮಿಷಗಳಲ್ಲಿ ಚಿತ್ರಗಳು ಒಂದೊಂದಾಗಿ ಮೂಡತೊಡಗಿದುವು. ಮೊಮ್ಮಗನ ನಾಮಕರಣ, ಮೇಲುಕೋಟೆಯ ಬೆಟ್ಟ, ಯಜಮಾನರು ಬಿಸಿಲಿನಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದದ್ದು, ಎಲ್ಲವೂ ಬಂದುವು. ಆಕೆ ಕನ್ನಡಕವನ್ನು ಎರಡು ಸಲ ಒರೆಸಿಕೊಂಡರು.

ಇಲ್ಲಿ ಅನೇಕರು ಅರಿಯದ ಒಂದು ಸೂಕ್ಷ್ಮವುಂಟು. ಹಾಗೆ ಕಾಣಿಸುವ ಚಿತ್ರಗಳು ಫೋನಿನೊಳಕ್ಕೆ ಬಂದಿಳಿದವಲ್ಲ. ಅವು ಕ್ಲೌಡಿನಲ್ಲಿಯೇ ಇದ್ದು, ಫೋನು ಅವುಗಳನ್ನು ಕಿಟಕಿಯಂತೆ ತೋರಿಸುತ್ತದೆ. ಇಂಟರ್‌ನೆಟ್ ಇಲ್ಲದಾಗ ಕಿಟಕಿ ಮಂಕಾಗುತ್ತದೆ. ಬೇಕಾದ ಚಿತ್ರ ಫೋನಿನಲ್ಲಿಯೇ ನೆಲಸಬೇಕಾದರೆ ಅದನ್ನು ತೆರೆದು ಡೌನ್‌ಲೋಡ್ ಮಾಡಿಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಬೇಕೆನ್ನುವವರಿಗೆ ಗೂಗಲ್ ಟೇಕ್‌ಔಟ್ ಎಂಬ ಏರ್ಪಾಡಿದೆ. ಅದಕ್ಕೆ ಫೋನಿಗಿಂತ ಕಂಪ್ಯೂಟರೇ ಅನುಕೂಲ. ಐಫೋನ್ ಇರುವವರಿಗೆ ಐಕ್ಲೌಡ್ ಇದೆ. ಅದರಲ್ಲಿ, ಮೂಲಚಿತ್ರಗಳನ್ನೆಲ್ಲ ಫೋನಿಗೆ ಇಳಿಸಿಕೊಳ್ಳುವುದೇ, ಇಲ್ಲವೆ ಸಣ್ಣ ನಕಲುಗಳನ್ನು ಮಾತ್ರ ಇಟ್ಟುಕೊಂಡು ಸ್ಥಳ ಉಳಿಸುವುದೇ ಎಂಬುದನ್ನು ಮನೆಯವರೇ ಆರಿಸಬಹುದು.

ಕಿಟಕಿಯಲ್ಲಿ ಕಾಣುವುದು ನೆಗೆಟಿವ್ ಆದುದರಿಂದಲೇ ಅಪಾಯವೂ ಇದೆ. ಫೋನಿನಲ್ಲಿ ಸ್ಥಳವಿಲ್ಲವೆಂದು ಗೂಗಲ್ ಫೋಟೋಸಿನಲ್ಲಿ ಚಿತ್ರವನ್ನು ಅಳಿಸಿದರೆ ಕ್ಲೌಡಿನಲ್ಲಿರುವುದೂ ಅಳಿಸಿಹೋಗುತ್ತದೆ. ಬ್ಯಾಕಪ್ ಆದ ಚಿತ್ರವಾದರೆ 60 ದಿನಗಳವರೆಗೆ ಕಸದ ಬುಟ್ಟಿಯಲ್ಲಿ ಉಳಿದಿದ್ದು, ಅಷ್ಟರೊಳಗೆ ಎತ್ತಿಕೊಂಡರೆ ಉಳಿಯಿತು. ಐಫೋನಿನಲ್ಲಿ ಈ ಗಡುವು 30 ದಿನ. ಫೋನಿನ ಭಾರವನ್ನು ಮಾತ್ರ ಇಳಿಸಬೇಕಾದರೆ ಅದಕ್ಕೆ ಪ್ರತ್ಯೇಕವಾದ ಆಜ್ಞೆಯುಂಟು. ಅದು ಬ್ಯಾಕಪ್ ಆಗಿರುವ ಚಿತ್ರಗಳನ್ನಷ್ಟೇ ಫೋನಿನಿಂದ ತೆರವು ಮಾಡಿ, ಕ್ಲೌಡಿನಲ್ಲಿರುವುದನ್ನು ಮುಟ್ಟುವುದಿಲ್ಲ.

ಮೈಸೂರಿನ ಮನೆಯಲ್ಲಿ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ತಾಯಿ ಕಳೆದ ನವರಾತ್ರಿಯ ಚಿತ್ರಗಳನ್ನು ಹುಡುಕುತ್ತಿದ್ದರು. ಯಜಮಾನರು ಬದುಕಿದ್ದಾಗ ಆದ ಕೊನೆಯ ಹಬ್ಬ ಅದು. ಗೊಂಬೆ ಕೂರಿಸಿದ ಮರುದಿನದ ಒಂದು ಚಿತ್ರವಿತ್ತು. ಅದರಿಂದೀಚೆಗೆ ಏನೂ ಇಲ್ಲ!

ಕಾರಣವನ್ನು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೂಗಲ್ ಖಾತೆಗೆ ಉಚಿತವಾಗಿ ದೊರೆಯುವ ಸ್ಥಳ 15 ಜಿಬಿ. ಐಕ್ಲೌಡಿನಲ್ಲಿ 5 ಜಿಬಿ ಮಾತ್ರ. 2021ರ ಜೂನ್ 1ಕ್ಕೆ ಮುಂಚೆ, ಸ್ವಲ್ಪ ಕುಗ್ಗಿಸಿದ ಗಾತ್ರದಲ್ಲಿ ಕಳುಹಿಸಿದ ಚಿತ್ರಗಳಿಗೆ ಗೂಗಲ್ ಲೆಕ್ಕವನ್ನೇ ಇಡುತ್ತಿರಲಿಲ್ಲ. ಅಂದಿನಿಂದ ಈಚೆಗೆ ಕಳುಹಿಸುವ ಪ್ರತಿಯೊಂದು ಚಿತ್ರವೂ ಆ 15 ಜಿಬಿಯೊಳಗೇ ಹಿಡಿಸಬೇಕು. ಅಂಚೆಯೂ ಅದರಲ್ಲೇ, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ 2024ರಿಂದ ಅದರಲ್ಲೇ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ನಿಲ್ಲುವುದುಂಟೆ? ಸ್ಥಳ ತುಂಬಿತೆಂಬ ಎಚ್ಚರಿಕೆ ಆಕೆಯ ಫೋನಿನ ಮೇಲೆ ತಿಂಗಳುಗಟ್ಟಲೆ ಮೂಡುತ್ತಲೇ ಇತ್ತು. “ಅದೇನೋ ಜಾಹೀರಾತೆಂದುಕೊಂಡು ದಿನವೂ ಒರೆಸಿ ಹಾಕುತ್ತಿದ್ದೆನಲ್ಲಪ್ಪ” ಎಂದು ಆಕೆ ಹಣೆ ಚಚ್ಚಿಕೊಂಡರು.

ವಾಟ್ಸಾಪಿನ ಕಥೆಯೂ ಅದೇ ಆಯಿತು. ಅದರ ಬ್ಯಾಕಪ್ ಚಿತ್ರಗಳ ಬ್ಯಾಕಪ್ಪಿನಿಂದ ಬೇರೆಯದು. ಹೊಸ ಫೋನಿನಲ್ಲಿ ಮೊದಲ ಸಲ ವಾಟ್ಸಾಪನ್ನು ತೆರೆಯುವಾಗಲೇ, ಹಳೆಯ ಸಂದೇಶಗಳನ್ನು ಮರಳಿಸಬೇಕೆ ಎಂದು ಅದು ಕೇಳುತ್ತದೆ. ಆಗ ಅವಸರದಿಂದ ಬೇಡವೆಂದು ಒತ್ತಿ ಮುಂದೆ ಹೋಗಬಾರದು. ದೂರವಾಣಿ ಸಂಖ್ಯೆಯೂ ಗೂಗಲ್ ಖಾತೆಯೂ ಮೊದಲಿನವೇ ಆಗಿರಬೇಕು. ಬ್ಯಾಕಪ್ಪಿಗೆ ಬೀಗ ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀಲಿಯೂ ಬೇಕು. ಅದನ್ನು ಮರೆತರೆ ಯಾರಿಂದಲೂ ತೆರೆಸಲಾಗದು. ಸೊಸೆ ಎಚ್ಚರಿಕೆಯಿಂದ ಎಲ್ಲವನ್ನೂ ಮಾಡಿದಳು. ಸಂದೇಶಗಳು ಬಂದುವು, ಆದರೆ ನವರಾತ್ರಿಯವರೆಗಿನವು ಮಾತ್ರ. ಆಮೇಲಿನ ಮೂರು ತಿಂಗಳಲ್ಲಿ ಯಜಮಾನರು ಆಡಿ ಕಳುಹಿಸಿದ ಧ್ವನಿಸಂದೇಶಗಳಲ್ಲಿ ಒಂದೂ ಇರಲಿಲ್ಲ.

ಕ್ಲೌಡಿನಲ್ಲಿಲ್ಲದ್ದು ಹೋಯಿತೆಂದು ಕೈಚೆಲ್ಲಿ ಕೂರುವುದು ಸಹಜ. ಆದರೆ ಚಿತ್ರಗಳು ಮನೆಯ ಮಕ್ಕಳಂತೆ. ನಾಲ್ಕಾರು ಕಡೆ ಹಂಚಿಹೋಗಿರುತ್ತವೆ. ಹುಬ್ಬಳ್ಳಿಯ ಮಗಳಿಗೆ ಹೇಳಿದಾಗ ಆಕೆ ತನ್ನ ಫೋನಿನಿಂದ ಗೊಂಬೆಯ ಹಬ್ಬದ 11 ಚಿತ್ರಗಳನ್ನು ಹುಡುಕಿ ಕಳುಹಿಸಿದಳು. ವಾಟ್ಸಾಪಿನ ಮೂಲಕ ಹೋದುವಾದುದರಿಂದ ಅವು ಗಾತ್ರದಲ್ಲಿ ಕುಗ್ಗಿದ್ದುವು. ಆದರೂ ಮುಖಗಳು ಸ್ಪಷ್ಟವಾಗಿದ್ದುವು. ಉಳಿದವು ಸಿಕ್ಕಲಿಲ್ಲ, ಇನ್ನು ಸಿಕ್ಕುವುದೂ ಇಲ್ಲ.

“ಅತ್ತೆ, ಧ್ವನಿ ಕಳುಹಿಸಿದವರ ಫೋನಿನಲ್ಲಿಯೂ ಅದರ ಪ್ರತಿ ಇರುತ್ತದೆ. ಮಾವನವರ ಫೋನು ಎಲ್ಲಿ?” ಎಂದು ಸೊಸೆ ಮೆಲ್ಲನೆ ಕೇಳಿದಳು.

ಅದು ಬೀರುವಿನಲ್ಲಿ, ಅವರ ಕೈಗಡಿಯಾರದ ಪಕ್ಕದಲ್ಲಿ, ಎಂಟು ತಿಂಗಳಿಂದ ಮಲಗಿತ್ತು. ಚಾರ್ಜಿಗೆ ಹಾಕಿದ ಎಷ್ಟೋ ಹೊತ್ತಿನ ಮೇಲೆ ಬೆಳಕು ಬಂದಿತು. ನಾಲ್ಕು ಅಂಕಿಗಳ ಬೀಗವನ್ನು ಆಕೆಯೇ ತೆರೆದರು. ಅದು ಅವರ ಮದುವೆಯ ವರ್ಷ. 120 ದಿನ ಬಳಸದೆ ಬಿಟ್ಟ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ರದ್ದಾಗುತ್ತದೆ. ಆದರೆ ವಾಟ್ಸಾಪನ್ನು ಫೋನಿನಿಂದ ಕಿತ್ತುಹಾಕದಿದ್ದರೆ ಒಳಗಿದ್ದುದು ಒಳಗೇ ಉಳಿಯುತ್ತದೆ. ಸೊಸೆ ಫೋನಿನ ಕಡತಗಳಲ್ಲಿ ಧ್ವನಿಸಂದೇಶಗಳ ವಿಭಾಗವನ್ನು ಹುಡುಕಿ ಒಂದನ್ನು ಒತ್ತಿದಳು.

“ಏನು, ಹೀರೇಕಾಯಿ ಎಳೆಯದಾಗಿದೆ. ತರಲೇನು? ಬದನೆಕಾಯಿ ನೋಡುವ ಹಾಗಿಲ್ಲ.”

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾಯಿ, “ಇನ್ನೊಮ್ಮೆ ಹಾಕಮ್ಮ” ಎಂದರು.

ಇಂತಹ ಅದೃಷ್ಟ ಎಲ್ಲ ಮನೆಗಳಿಗೂ ಒದಗುವುದಿಲ್ಲ. ಆದುದರಿಂದ ಫೋನು ಗಟ್ಟಿಯಾಗಿರುವಾಗಲೇ ಗೃಹಸ್ಥರು ಅರ್ಧ ಗಂಟೆಯನ್ನು ಇದಕ್ಕಾಗಿ ಎತ್ತಿಡುವುದು ಮೇಲು. ಬ್ಯಾಕಪ್ ಕೊನೆಯ ಸಲ ಆದದ್ದು ಯಾವಾಗ, ಸ್ಥಳ ಎಷ್ಟು ಉಳಿದಿದೆ ಎಂಬುದನ್ನು ತಿಂಗಳಿಗೊಮ್ಮೆಯಾದರೂ ನೋಡಬೇಕು. ಗೂಗಲ್ ಫೋಟೋಸ್ ತಾನಾಗಿ ಕಳುಹಿಸುವುದು ಕ್ಯಾಮೆರಾದಲ್ಲಿ ತೆಗೆದವನ್ನು ಮಾತ್ರ. ವಾಟ್ಸಾಪಿನಲ್ಲಿ ಬಂದ ಚಿತ್ರಗಳ ವಿಭಾಗವನ್ನು ಬೇಕಾದವರು ಆರಿಸಿ ಸೇರಿಸಬೇಕು. ಸ್ಥಳ ತುಂಬಿದ್ದರೆ ಬೆಳಗಿನ ಶುಭಾಶಯದ ಹೂವುಗಳನ್ನೂ ಬೇಡದ ವೀಡಿಯೋಗಳನ್ನೂ ಅಳಿಸಬೇಕು. ಇಲ್ಲವೆ ಹಣ ತೆತ್ತು ಸ್ಥಳ ಕೊಳ್ಳಬೇಕು. ಅಮೂಲ್ಯವಾದವನ್ನು ಕಂಪ್ಯೂಟರಿನಲ್ಲಿಯೋ ಹಾರ್ಡ್ ಡಿಸ್ಕಿನಲ್ಲಿಯೋ ಇನ್ನೊಂದು ಪ್ರತಿ ಮಾಡಿಡಬೇಕು. ಹತ್ತಿಪ್ಪತ್ತು ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿದರಂತೂ ಪಾಸ್‌ವರ್ಡಿನ ಹಂಗೇ ಇಲ್ಲ.

ತೀರಿಕೊಂಡವರ ಖಾತೆಯ ವಿಷಯದಲ್ಲಿ ವಿಳಂಬ ಸಲ್ಲದು. ಎರಡು ವರ್ಷಗಳ ಕಾಲ ಯಾರೂ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ತಾವು ಇಲ್ಲವಾದಾಗ ಖಾತೆ ಯಾರ ಕೈಗೆ ಸೇರಬೇಕೆಂಬುದನ್ನು ಮೊದಲೇ ಗೊತ್ತುಮಾಡುವ ಅನುಕೂಲ ಗೂಗಲ್, ಆಪಲ್ ಎರಡರಲ್ಲಿಯೂ ಇದೆ. ಮನೆಯ ಪತ್ರ, ವಿಮೆಯ ಪತ್ರಗಳನ್ನು ಜೋಪಾನ ಮಾಡುವವರು ಇದನ್ನೂ ಅವುಗಳ ಸಾಲಿಗೆ ಸೇರಿಸುವುದು ಉಚಿತ.

ಆ ರಾತ್ರಿ ಮಗನು ತಂದೆಯ ಫೋನಿನಲ್ಲಿದ್ದುದನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ತಾಯಿಯ ಖಾತೆಗೆ ಹೊಸ ಪಾಸ್‌ವರ್ಡ್ ಇಟ್ಟು, 10 ಗುಪ್ತ ಸಂಖ್ಯೆಗಳನ್ನು ತೆಗೆದನು. ಆಕೆ ಅವನ್ನೆಲ್ಲ ಹಾಲಿನ ಪುಸ್ತಕದ ಕೊನೆಯ ಪುಟದಲ್ಲಿಯೇ ಬರೆದುಕೊಂಡರು. ಹಳೆಯ ಪಾಸ್‌ವರ್ಡನ್ನು ಹೊಡೆದು ಹಾಕೆಂದು ಮಗನು ಹೇಳಿದಾಗ, “ಇರಲಿ ಬಿಡೋ, ಅದು ಅವರ ಅಕ್ಷರ” ಎಂದು ಪುಸ್ತಕವನ್ನು ಮಡಿಸಿ, ಈ ಸಲ ಗೂಡಿನಲ್ಲಿಡದೆ ಬೀರುವಿನಲ್ಲಿಟ್ಟು ಬೀಗ ಹಾಕಿದರು.